ವೈಲ್ ಫರ್ಮಿಯಾನ್: ಹೊಸ ಕಣವೂ ಅಲ್ಲ, ಬೆಳಕಿನ ವೇಗವೂ ಇಲ್ಲ

ಹರಳಿನೊಳಗೆ ಬೆಳಕಿನ ವೇಗದಲ್ಲಿ ಓಡುವ ಹೊಸ ಕಣ ಸಿಕ್ಕಿತು! ವೈಲ್ ಫರ್ಮಿಯಾನ್ ಬಗ್ಗೆ ಇಂಥ ಮಾತು ತೀರಾ ಜಾಸ್ತಿಯಾಗಿದೆ. ಒಂದೇ ಸಾಲಿನಲ್ಲಿ ಎರಡು ತಪ್ಪು.

1929ರಲ್ಲಿ ಗಣಿತಜ್ಞ ಹರ್ಮನ್ ವೈಲ್, ಎಲೆಕ್ಟ್ರಾನ್‌ನಂಥ ಕಣಗಳನ್ನು ವಿವರಿಸುವ ಡಿರಾಕ್ ಸಮೀಕರಣದಿಂದ ದ್ರವ್ಯರಾಶಿಯನ್ನು ತೆಗೆದು ನೋಡಿದರು. ಅದು ಎಡಗೈ, ಬಲಗೈ ಎಂದು, ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಎರಡು ಪಾಲಾಯಿತು. ಒಂದೊಂದು ಪಾಲು ವಿವರಿಸುವ, ದ್ರವ್ಯರಾಶಿಯಿಲ್ಲದ ಕಣವೇ ವೈಲ್ ಫರ್ಮಿಯಾನ್. ನ್ಯೂಟ್ರಿನೊ ಅಂಥ ಕಣವೇ ಇರಬೇಕು ಎಂದು ಬಹುಕಾಲ ನಂಬಿದ್ದರು. ಅದಕ್ಕೂ ದ್ರವ್ಯರಾಶಿ ಇದೆ ಎಂಬುದಕ್ಕೆ 1998ರಲ್ಲಿ ಜಪಾನಿನ ನ್ಯೂಟ್ರಿನೊ ಪತ್ತೆ ಕೇಂದ್ರ ಸೂಪರ್-ಕಮಿಯೊಕಾಂಡೆಯಿಂದ ಪುರಾವೆ ಬಂತು. ಒಂಟಿಯಾಗಿ ಓಡಾಡುವ ವೈಲ್ ಕಣ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ಹಾಗಾದರೆ 2015ರಲ್ಲಿ ಟ್ಯಾಂಟಲಮ್ ಆರ್ಸೆನೈಡ್ ಹರಳಿನಲ್ಲಿ ಪ್ರಿನ್ಸ್‌ಟನ್ ಮತ್ತು ಬೀಜಿಂಗ್ ತಂಡಗಳು ಕಂಡಿದ್ದೇನು? ಅಲ್ಲಿರುವುದು ಮಾಮೂಲಿ ಎಲೆಕ್ಟ್ರಾನ್‌ಗಳೇ. ಅವು ಒಟ್ಟಾಗಿ ನಡೆದುಕೊಳ್ಳುವ ರೀತಿ ವೈಲ್ ಸಮೀಕರಣಕ್ಕೆ ಹೊಂದುತ್ತದೆ, ಅಷ್ಟೇ. ನೀರಿನ ಗುಳ್ಳೆಯನ್ನು ನೀರಿನಿಂದ ಎತ್ತಿ ಮೇಜಿನ ಮೇಲಿಡಲು ಆಗಲ್ಲ ಅಲ್ವಾ? ಇದೂ ಹಾಗೇ, ಹರಳು ಬಿಟ್ಟರೆ ಇಲ್ಲ.

ಇನ್ನು 'ರಿಲೆಟಿವಿಸ್ಟಿಕ್', ಅಂದರೆ ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತದಂತೆ ನಡೆಯುವ, ಎಂಬ ಮಾತು. ಗೊಂದಲವೆಲ್ಲ ಹುಟ್ಟುವುದು ಇಲ್ಲೇ. ಸಾಮಾನ್ಯ ಎಲೆಕ್ಟ್ರಾನ್‌ನ ಶಕ್ತಿ ಮತ್ತು ಆವೇಗದ ಗ್ರಾಫ್ ಬಟ್ಟಲಿನಂತೆ ಬಾಗಿರುತ್ತದೆ. ಈ ಹರಳಿನಲ್ಲಿ ಎರಡು ಶಕ್ತಿಪಟ್ಟಿಗಳು (ಎಲೆಕ್ಟ್ರಾನ್‌ಗೆ ಇರಬಹುದಾದ ಶಕ್ತಿಗಳ ಸಾಲುಗಳು) ಗ್ರಾಫಿನ ಒಂದು ಬಿಂದುವಿನಲ್ಲಿ ತಾಗುತ್ತವೆ. ಆ ಬಿಂದುವಿನ ಸುತ್ತ ಗ್ರಾಫ್ ನೇರ ಗೆರೆಯಾಗಿ, ಶಂಕುವಿನ ಆಕಾರ ತಾಳುತ್ತದೆ. ದ್ರವ್ಯರಾಶಿಯಿಲ್ಲದ ಕಣದ ಗ್ರಾಫ್ ಕೂಡ ಹೀಗೇ ಇರುತ್ತದೆ. ಹೋಲಿಕೆ ಇರುವುದು ಆಕಾರದಲ್ಲಿ, ವೇಗದಲ್ಲಲ್ಲ. ಗೆರೆಯ ಓರೆ ಎಷ್ಟೋ ವೇಗ ಅಷ್ಟು, ಮತ್ತು ಅದು ಬೆಳಕಿನದಕ್ಕಿಂತ ನೂರಾರು ಪಟ್ಟು ಕಡಿಮೆ.

ಪುರಾವೆ ಮಾತ್ರ ನಿಜಕ್ಕೂ ಸೊಗಸಾಗಿದೆ. ಹರಳಿನ ಮೇಲೆ ಬೆಳಕು ಬಿಟ್ಟು, ಹೊರಬಂದ ಎಲೆಕ್ಟ್ರಾನ್‌ಗಳ ಶಕ್ತಿ ಮತ್ತು ಕೋನವನ್ನು ಅಳೆಯುತ್ತಾರೆ. ಬೇರೆ ಲೋಹಗಳ ಮೇಲ್ಮೈಯಲ್ಲಿ ಫರ್ಮಿ ಗೆರೆ, ಅಂದರೆ ಎಲೆಕ್ಟ್ರಾನ್ ತುಂಬಿದ ಮತ್ತು ಖಾಲಿ ಇರುವ ಸ್ಥಿತಿಗಳ ನಡುವಿನ ಗಡಿ, ಸುತ್ತಿ ಬಂದು ಮುಚ್ಚಿಕೊಳ್ಳುತ್ತದೆ. ಇಲ್ಲಿ ಅದು ತೆರೆದ ಕಮಾನು. ಒಂದು ತುದಿ ಎಡಗೈ ಬಿಂದುವಿನಲ್ಲಿ, ಇನ್ನೊಂದು ಬಲಗೈ ಬಿಂದುವಿನಲ್ಲಿ. ಪಟ್ಟಿಗಳು ತಾಗುವ ಈ ಬಿಂದುಗಳು ಯಾವಾಗಲೂ ಎಡಗೈ-ಬಲಗೈ ಜೋಡಿಯಾಗಿಯೇ ಬರುತ್ತವೆ. ಟ್ಯಾಂಟಲಮ್ ಆರ್ಸೆನೈಡ್‌ನಲ್ಲಿ ಅಂಥ 12 ಜೋಡಿ ಇವೆ.

ಇದರ ಬಂಧುಗಳನ್ನೆಲ್ಲ ಸುಮ್ನೆ 'ರಿಲೆಟಿವಿಸ್ಟಿಕ್' ಎನ್ನುವುದೂ ಸರಿಯಲ್ಲ. ಎರಡನೇ ಬಗೆಯ ವೈಲ್ ಹರಳುಗಳಲ್ಲಿ ಶಂಕು ಪೂರಾ ವಾಲಿರುತ್ತದೆ. ಐನ್‌ಸ್ಟೈನ್ ಸಿದ್ಧಾಂತದ ಸಮಮಿತಿ ಅಲ್ಲಿ ನಿಲ್ಲುವುದೇ ಇಲ್ಲ. ಹರಳು ಪಾಲಿಸುವುದು ತನ್ನ ಪರಮಾಣು ಜೋಡಣೆಯ ನಿಯಮಗಳನ್ನು ಮಾತ್ರ. ಹಾಗಾಗಿ ಮೂರು, ಆರು, ಎಂಟು ಪಟ್ಟಿಗಳು ಒಂದೇ ಬಿಂದುವಿನಲ್ಲಿ ಸೇರಬಹುದು ಎಂದು 2016ರಲ್ಲಿ ಲೆಕ್ಕ ಹಾಕಿ ತೋರಿಸಿದರು. 2019ರಲ್ಲಿ ಕೋಬಾಲ್ಟ್ ಸಿಲಿಸೈಡ್‌ನಲ್ಲಿ ಇಂಥ ಬಹುಪಟ್ಟಿ ಬಿಂದುಗಳು ಕಂಡವು. ಅವಕ್ಕೆ ಸರಿಸಾಟಿಯಾದ ಕಣ ನಿರ್ವಾತದಲ್ಲಿ ಇಲ್ಲ.