ಬರ ಬಂದರೆ ರಾತ್ರಿ ಉಸಿರಾಡುವ ಗಿಡ

ಸೀಡಮ್ ಎಂಬ ದಪ್ಪ ಎಲೆಯ ಗಿಡವನ್ನು ಹೆಚ್ಚಾಗಿ ಕೊಲ್ಲುವುದು ಪ್ರೀತಿಯಿಂದ ಹಾಕಿದ ನೀರು. ಎಲೆ ಸ್ವಲ್ಪ ಬಾಡಿದ ಹಾಗೆ ಕಂಡರೆ ಸಾಕು, ಒಂದು ಚೊಂಬು ನೀರು ಸುರಿದುಬಿಡುತ್ತೇವೆ. ಮರುದಿನ ಇನ್ನೊಂದು. ಬುಡ ಮೆತ್ತಗಾಗಿ ಕೊಳೆಯುವ ಹೊತ್ತಿಗೆ ಏನೂ ಮಾಡುವ ಹಾಗಿರುವುದಿಲ್ಲ. ಈ ಗಿಡ ನೀರನ್ನು ಹೇಗೆ ಉಳಿಸಿಕೊಳ್ಳುತ್ತದೆ ಅಂತ ಒಮ್ಮೆ ತಿಳಿದುಬಿಟ್ಟರೆ ಅದರ ಆರೈಕೆ ತುಂಬಾ ಸುಲಭ.

ಸೀಡಮ್‌ಗಳಲ್ಲಿ ನೆಲಕ್ಕೆ ಹಬ್ಬುವ ಪುಟ್ಟ ಜಾತಿಗಳೂ ಬೇಕಾದಷ್ಟಿವೆ. ನಾನು ಹೇಳುತ್ತಿರುವುದು ಹೂವಿಗಾಗಿ ಬೆಳೆಸುವ, ಮೊಣಕಾಲೆತ್ತರದ ಸೀಡಮ್ ಬಗ್ಗೆ. ಇವುಗಳಲ್ಲಿ ಹೆಸರುವಾಸಿಯಾದದ್ದು 'ಆಟಮ್ ಜಾಯ್'. ಪೂರ್ವ ಏಷ್ಯಾದ ಒಂದು ಜಾತಿಯನ್ನೂ ಯುರೋಪಿನ ಇನ್ನೊಂದನ್ನೂ ಸೇರಿಸಿ ಪಡೆದ ಈ ತಳಿ, ಜರ್ಮನಿಯ ಗೆಯೋರ್ಗ್ ಅರೆಂಡ್ಸ್ ಅವರ ನರ್ಸರಿಯಿಂದ 1955ರಲ್ಲಿ ಹೊರಬಂತು. ಸಸ್ಯವಿಜ್ಞಾನಿಗಳು ಈಗ ಇವನ್ನು ಹೈಲೊಟೆಲಿಫಿಯಮ್ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ತೋಟ ಮಾಡುವವರು ಮಾತ್ರ ಇನ್ನೂ ಸೀಡಮ್ ಅಂತಲೇ ಕರೆಯುತ್ತಾರೆ.

ಅದರ ಒಂದು ಎಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿ. ಬೂದಿ ಬಣ್ಣದ ತೆಳು ಪುಡಿ ಅಳಿಸಿ, ಕೆಳಗೆ ಹೊಳೆಯುವ ಹಸಿರು ಕಾಣುತ್ತದೆ. ಆ ಪುಡಿಯೇ ಮೇಣ. ನೀರು ಆವಿಯಾಗಿ ಹೋಗುವುದನ್ನು ತಡೆಯುತ್ತದೆ. ಎಲೆ ಮುರಿದರೆ ಒಳಗೆಲ್ಲ ರಸ. ಆದರೆ ನೀರು ಕೂಡಿಟ್ಟರೆ ಮಾತ್ರ ಸಾಲದು. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಎಲೆಯ ಸಣ್ಣ ರಂಧ್ರಗಳು ತೆರೆಯಲೇಬೇಕು. ತೆರೆದರೆ ಅದೇ ದಾರಿಯಲ್ಲಿ ನೀರೂ ಹೊರಗೆ ಹೋಗುತ್ತದೆ. ಬಿಸಿಲಲ್ಲಿ ಹೀಗಾದರೆ ದೊಡ್ಡ ನಷ್ಟ, ಅಲ್ವಾ?

ಸೀಡಮ್ ಸೇರಿರುವ ಕುಟುಂಬದ ಹಲವು ಗಿಡಗಳು ಅದಕ್ಕೆ ಕಂಡುಕೊಂಡ ಉಪಾಯ ನನಗೆ ಇವತ್ತಿಗೂ ಬೆರಗು. ರಂಧ್ರಗಳನ್ನು ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ಒಳಗೆ ಬಂದ ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಮಾಡಿ ಜೀವಕೋಶದಲ್ಲಿ ಕೂಡಿಡುತ್ತವೆ. ಬೆಳಗಾದ ಮೇಲೆ ರಂಧ್ರ ಮುಚ್ಚಿಕೊಂಡು, ಆ ಆಮ್ಲವನ್ನು ಒಡೆದು, ಬಿಸಿಲಿನ ಬಲದಿಂದ ಸಕ್ಕರೆ ತಯಾರಿಸುತ್ತವೆ. ಇದರ ಸುಳಿವು ಸಿಕ್ಕಿದ್ದು ನಾಲಗೆಗೆ! ಭಾರತದಲ್ಲಿ ಕೆಲಸ ಮಾಡುತ್ತಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇಯ್ನ್, ಇದೇ ಕುಟುಂಬದ ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ ಅಂತ ಗಮನಿಸಿದರು. ಆ ಬರಹ ಅಚ್ಚಾದದ್ದು 1815ರಲ್ಲಿ. ರಾತ್ರಿ ಕೂಡಿಟ್ಟ ಆಮ್ಲ ಹಗಲಲ್ಲಿ ಖರ್ಚಾಗುವುದೇ ಆ ರುಚಿಯ ಬದಲಾವಣೆಗೆ ಕಾರಣ.

ಆಟಮ್ ಜಾಯ್ ತಳಿಯ ಯುರೋಪಿನ ಪೂರ್ವಜ ಇನ್ನೂ ಜಾಣ. ನೀರಿದ್ದಾಗ ಬೇರೆ ಗಿಡಗಳ ಹಾಗೆ ಹಗಲಲ್ಲೇ ರಂಧ್ರ ತೆರೆಯುತ್ತದೆ, ಬೇಗ ಬೆಳೆಯುತ್ತದೆ. ಮಣ್ಣು ಒಣಗಿದಾಗ ಮಾತ್ರ ರಾತ್ರಿ ಪಾಳಿಗೆ ಹೊರಳುತ್ತದೆ.

ಆರೈಕೆಯ ಗುಟ್ಟೆಲ್ಲ ಇಲ್ಲೇ ಇದೆ. ದಿನಕ್ಕೆ ಕಡೇಪಕ್ಷ 6 ಗಂಟೆ ನೇರ ಬಿಸಿಲು ಬೀಳುವ ಜಾಗ ಕೊಡಿ. ನೀರು ಬಸಿದು ಹೋಗುವ, ಮರಳು ಇಲ್ಲವೇ ಸಣ್ಣ ಜಲ್ಲಿ ಬೆರೆಸಿದ ಮಣ್ಣು ಸಾಕು. ಹೊಸದಾಗಿ ನೆಟ್ಟಾಗ ಬೇರು ಹಿಡಿಯುವವರೆಗೆ ನೀರು ಬೇಕು. ಆಮೇಲೆ ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲೆಯೇ ಹಾಕಿ. ಗೊಬ್ಬರದ ಆಸೆ ಬೇಡ. ಮಣ್ಣಿನ ಸಾರ ಜಾಸ್ತಿಯಾದರೆ, ಇಲ್ಲವೇ ನೆರಳಿದ್ದರೆ, ಕಾಂಡ ಉದ್ದಕ್ಕೆ ಎಳೆದುಕೊಂಡು, ಹೂವಿನ ಭಾರಕ್ಕೆ ಗಿಡ ನಡುವೆ ಸೀಳಿ ಬೀಳುತ್ತದೆ. ಬೇಸಿಗೆಯ ಶುರುವಿನಲ್ಲಿ, ಮೊಗ್ಗು ಬರುವ ಮೊದಲೇ, ತುದಿಗಳನ್ನು ಚಿವುಟಿದರೆ ಗಿಡ ಗಿಡ್ಡಗೆ, ಪೊದೆಯಾಗಿ ನಿಲ್ಲುತ್ತದೆ. ಹೂವು ಸ್ವಲ್ಪ ತಡ, ಗೊಂಚಲೂ ಚಿಕ್ಕದು. ಆದರೂ ಚಿವುಟುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಹೂವಂತೂ ಕಾದು ನೋಡುವಂಥದ್ದು. ಮೊದಲು ಬ್ರೊಕೊಲಿಯಂಥ ಹಸಿರು ಗೊಂಚಲು. ಶರತ್ಕಾಲದ ಹೊತ್ತಿಗೆ ನೂರಾರು ಪುಟ್ಟ ಗುಲಾಬಿ ನಕ್ಷತ್ರಗಳು ಅರಳುತ್ತವೆ, ಒಂದೊಂದಕ್ಕೂ ಐದೈದು ಎಸಳು. ಬೇರೆ ಹೂಗಳು ಮುಗಿಯುತ್ತಾ ಬಂದ ಕಾಲದಲ್ಲಿ ಜೇನ್ನೊಣ, ಚಿಟ್ಟೆಗಳಿಗೆ ಇದೊಂದು ದೊಡ್ಡ ಆಸರೆ. ಬರಬರುತ್ತಾ ಬಣ್ಣ ಇಟ್ಟಿಗೆ ಕೆಂಪಾಗಿ, ಕೊನೆಗೆ ಕಂದಾಗುತ್ತದೆ.

ಚಳಿ ದೇಶಗಳಲ್ಲಿ ಮೇಲಿನ ಭಾಗ ಪೂರ್ತಿ ಒಣಗಿಹೋಗುತ್ತದೆ. ಗಾಬರಿ ಬೇಡ. ಬುಡದಲ್ಲಿ ಮಣ್ಣಿಗೆ ಅಂಟಿಕೊಂಡ ಪುಟ್ಟ ಹಸಿರು ಮೊಗ್ಗುಗಳಿರುತ್ತವೆ. ಮೈನಸ್ 30 ಡಿಗ್ರಿ ಚಳಿಯನ್ನೂ ಅವು ತಡೆದುಕೊಳ್ಳುತ್ತವೆ, ನಿಂತ ನೀರಿನ ಚಳಿಯನ್ನು ಮಾತ್ರ ತಡೆಯವು. ಒಣ ಕಡ್ಡಿಗಳನ್ನು ವಸಂತದಲ್ಲಿ ಕತ್ತರಿಸಿದರಾಯಿತು. ಮೂರು ನಾಲ್ಕು ವರ್ಷಕ್ಕೊಮ್ಮೆ ಬುಡವನ್ನು ಅಗೆದು ಭಾಗ ಮಾಡಿ ನೆಡಿ.

ಹೊಸ ಗಿಡ ಬೇಕಾದರೆ ಬೀಜ ನಂಬಬೇಡಿ. ಮಿಶ್ರತಳಿಯಾದ್ದರಿಂದ ಬೀಜದಲ್ಲಿ ಅದೇ ಗುಣ ಬರುವುದಿಲ್ಲ. ಗೇಣುದ್ದಕ್ಕಿಂತ ಕಡಿಮೆ ಇರುವ ಕಾಂಡದ ತುಂಡೊಂದು ಸಾಕು. ಕೆಳಗಿನ ಎಲೆಗಳನ್ನು ತೆಗೆದು, ನೆರಳಲ್ಲಿ ಒಂದೆರಡು ದಿನ ಸುಮ್ನೆ ಇಡಿ. ಕತ್ತರಿಸಿದ ಬಾಯಿ ಒಣಗಿ ತೆಳ್ಳಗೆ ಪೊರೆ ಕಟ್ಟುತ್ತದೆ. ಆಗ ಮಣ್ಣಿಗೆ ಚುಚ್ಚಿದರೆ ಕೊಳೆಯುವ ಭಯ ಕಡಿಮೆ. ಮೆಲ್ಲಗೆ ಎಳೆದಾಗ ತುಂಡು ಕೈಗೆ ಬಾರದೆ ಬಿಗಿಯಾಗಿ ನಿಂತರೆ, ಬೇರು ಬಿಟ್ಟಿದೆ ಅಂತ ಅರ್ಥ.