ಸಂದುಗಳಿಗೆ ಗುರಿಯಿಡಿ: ಕಲ್ಲುಕಂಬದಿಂದ ಗೂಡ್ಸ್ ರೈಲಿನವರೆಗೆ

ಕರಾವಳಿಯಲ್ಲಿ ಪೇರಿಸಿಟ್ಟ ವಸ್ತುಗಳಿಗೆ ಬರವಿಲ್ಲ. ಹಂಚಿನ ಅಟ್ಟಿ, ಮುರಕಲ್ಲಿನ ಸಾಲು, ಮಲ್ಪೆ ದಕ್ಕೆಯ ಮೀನಿನ ಕ್ರೇಟು, ಪಣಂಬೂರಿನ ಕಂಟೇನರು, ಸೇಂಟ್ ಮೇರೀಸ್ ದ್ವೀಪದಲ್ಲಿ ಪ್ರಕೃತಿಯೇ ಜೋಡಿಸಿದ ಕಲ್ಲುಕಂಬ. ಕಣ್ಣಿಗೆ ಇವೆಲ್ಲ ಸೊಗಸಾಗಿಯೇ ಕಾಣುತ್ತವೆ, ಫೋಟೋದಲ್ಲಿ ಮಾತ್ರ ಚಪ್ಪಟೆ ಗೋಡೆಯಾಗಿಬಿಡುತ್ತವೆ. ಹೆಚ್ಚಿನ ಸಲ ಕಾರಣ ಒಂದೇ: ವಸ್ತುವಿನ ಮೇಲೆ ಬೆಳಕು ಬಿದ್ದಿರುತ್ತದೆ, ಎರಡು ವಸ್ತುಗಳ ನಡುವಿನ ಸಂದಿನಲ್ಲಿ ನೆರಳು ಬಿದ್ದಿರುವುದಿಲ್ಲ. ಸಂದು ಕಾಣದಿದ್ದರೆ ನೋಡುವವರಿಗೆ ಎಣಿಸಲು ಏನೂ ಇರುವುದಿಲ್ಲ, ಎಣಿಸಲಾಗದ ಅಟ್ಟಿ ದೊಡ್ಡದಾಗಿಯೂ ಅನಿಸುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಸೂರ್ಯ ಎಲ್ಲಿದ್ದಾನೆ ಎಂಬುದನ್ನು. ಬೆನ್ನ ಹಿಂದೆ ಬಿಸಿಲಿದ್ದರೆ ಸಂದುಗಳು ಅಳಿಸಿಹೋಗುತ್ತವೆ. ಬೆಳಕು ಅಟ್ಟಿಯ ಮುಖವನ್ನು ಪಕ್ಕದಿಂದ ಸವರಿಕೊಂಡು ಹೋಗಬೇಕು. ಪರೀಕ್ಷೆಗೆ ಸುಲಭ ದಾರಿಯಿದೆ: ಕ್ಯಾಮೆರಾದ ಪಿಕ್ಚರ್ ಸ್ಟೈಲನ್ನು ಕಪ್ಪು-ಬಿಳುಪಿಗೆ ಹಾಕಿ ಪರದೆ ನೋಡಿ. ಬಣ್ಣ ಹೋದ ಮೇಲೂ ಒಂದೊಂದು ವಸ್ತು ಬೇರೆಯಾಗಿ ಕಂಡರೆ ಕ್ಲಿಕ್ ಮಾಡಬಹುದು. ಕಾಣದಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಅಥವಾ ಒಂದು ಗಂಟೆ ಕಾಯಿರಿ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಡತದಲ್ಲಿ, ಬಣ್ಣ ಹೇಗೂ ಉಳಿದಿರುತ್ತದೆ.

ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಸುಮಾರು 8.8 ಕೋಟಿ ವರ್ಷ ಹಿಂದಿನವು. ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದ ಲಾವಾ ಆರುತ್ತಾ ಕುಗ್ಗಿದಾಗ ಐದು, ಆರು, ಏಳು ಮೂಲೆಗಳಾಗಿ ಬಿರುಕು ಬಿಟ್ಟದ್ದು. ಅಂದರೆ ಇಲ್ಲಿ ಸಂದೇ ಮೊದಲು ಹುಟ್ಟಿತು, ಕಂಬ ಆಮೇಲೆ. ದೋಣಿಗಳು ಹಗಲಲ್ಲಿ ಮಾತ್ರ ಓಡುವುದರಿಂದ ಇಲ್ಲಿ ಸೂರ್ಯಾಸ್ತದ ಬೆಳಕಿನ ಆಸೆ ಬಿಡಿ. ಮಧ್ಯಾಹ್ನ ಮೂರೂವರೆಯ ನಂತರದ ಓರೆ ಬಿಸಿಲೇ ನಿಮ್ಮ ಪಾಲಿಗೆ. ಹೊರಡುವ ಮೊದಲು ಉಬ್ಬರ-ಇಳಿತದ ಸಮಯ ನೋಡಿಕೊಳ್ಳಿ. ಇಳಿತದಲ್ಲಿ ಕಂಬಗಳ ಬುಡ ತೆರೆದುಕೊಳ್ಳುತ್ತದೆ, ಆದರೆ ಬುಡದ ಕಲ್ಲು ಪಾಚಿಯಿಂದ ಜಾರುತ್ತದೆ.

ನೀರನ್ನು ಹಾಲಿನಂತೆ ನುಣ್ಣಗೆ ಮಾಡುವ ಚಾಳಿ ಈಗ ಬಹಳ. ಚುರುಕು ಬಿಸಿಲಿನಲ್ಲಿ ಐಎಸ್‌ಒ (ಸೆನ್ಸರಿನ ಸಂವೇದನೆ) 100, ಎಫ್/11 (ಲೆನ್ಸಿನ ಕಿಂಡಿಯ ಅಳತೆ) ಇಟ್ಟರೆ ಶಟರ್ ಸುಮಾರು 1/200 ಸೆಕೆಂಡ್ ಬರುತ್ತದೆ. ಬೆಳಕು ತಗ್ಗಿಸುವ ಕಪ್ಪು ಗಾಜಾದ ಎನ್‌ಡಿ ಫಿಲ್ಟರನ್ನು 6 ಸ್ಟಾಪ್‌ನದು ಹಾಕಿದರೆ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ) ಅದು 1/3 ಸೆಕೆಂಡ್ ಆಗುತ್ತದೆ, ಜೊತೆಗೆ ಪೋಲರೈಸರ್ ಸೇರಿಸಿದರೆ ಒಂದು ಸೆಕೆಂಡಿನ ಹತ್ತಿರ. ಅಷ್ಟು ಸಾಕು. ಕಂಬಗಳ ಸಂದಿನಿಂದ ಹಿಂದಿರುಗುವ ನೀರು ಎಳೆ ಎಳೆಯಾಗಿ ಕಾಣುವುದು ಅರ್ಧದಿಂದ ಒಂದು ಸೆಕೆಂಡಿನೊಳಗೆ. 10 ಸ್ಟಾಪ್ ಹಾಕಿ ಐದು ಸೆಕೆಂಡ್ ಬಿಟ್ಟರೆ ಎಳೆಗಳೆಲ್ಲ ಕಲಸಿ ಮಂಜಾಗುತ್ತವೆ, ಕಲ್ಲು ಎಷ್ಟು ಎತ್ತರದ್ದು ಎಂಬ ಅಂದಾಜೂ ತಪ್ಪುತ್ತದೆ. ಪೋಲರೈಸರ್ ಒದ್ದೆ ಕಲ್ಲಿನ ಹೊಳಪನ್ನು ಕಳೆಯುತ್ತದೆ. ಪೂರ್ತಿ ತಿರುಗಿಸಿದರೆ ಒದ್ದೆತನವೇ ಮಾಯವಾಗುತ್ತದೆ, ಅರ್ಧಕ್ಕೆ ನಿಲ್ಲಿಸಿ. ಕಪ್ಪು ಕಲ್ಲೇ ಚೌಕಟ್ಟು ತುಂಬಿದ್ದರೆ ಮೀಟರ್ ಮೋಸ ಹೋಗಿ ಹೆಚ್ಚು ಬೆಳಕು ಬಿಡುತ್ತದೆ, ನೊರೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪ್‌ನಷ್ಟು ಇಳಿಸಿ.

ಕಂಬಗಳ ತಲೆಯನ್ನು ಮುಂದಿಟ್ಟುಕೊಂಡು ಹಿಂದೆ ಸಮುದ್ರ ತೋರಿಸುವವರಿಗೆ ಫೋಕಸ್ ಕೈಕೊಡುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸ್, ಎಫ್/8 ಇದ್ದರೆ 2.4 ಮೀಟರಿಗೆ ಫೋಕಸ್ ಮಾಡಿದಾಗ 1.2 ಮೀಟರಿನಿಂದ ಆಚೆಗೆಲ್ಲ ಸ್ಪಷ್ಟ. ಕಲ್ಲು 40 ಸೆಂಟಿಮೀಟರ್ ಹತ್ತಿರವಿದ್ದರೆ ಇದು ಸಾಲದು. ಹತ್ತಿರ, ನಡು, ದೂರ ಎಂದು ಮೂರು-ನಾಲ್ಕು ಫ್ರೇಮ್ ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನು ಕಂಪ್ಯೂಟರಿನಲ್ಲಿ ಬೆಸೆಯುವ ಫೋಕಸ್ ಸ್ಟ್ಯಾಕಿಂಗ್ ಮಾಡಬೇಕು. ಸಾಫ್ಟ್‌ವೇರ್ ಅಲೆಗಳನ್ನು ಬೆಸೆಯಲು ಹೋಗಿ ಒಂದೇ ನೊರೆಯನ್ನು ಎರಡೆರಡು ಕಡೆ ಅಂಟಿಸುತ್ತದೆ. ನೀರಿನ ಭಾಗಕ್ಕೆ ಒಂದೇ ಫ್ರೇಮ್ ಆರಿಸಿ, ಉಳಿದದ್ದಕ್ಕೆ ಕೈಯಿಂದ ಮಾಸ್ಕ್ ಮಾಡಿ. ಇನ್ನೊಂದು ಮಾತು: ಬಿಡಿ ಕಲ್ಲುಗಳನ್ನು ಗೋಪುರದಂತೆ ಪೇರಿಸಿ ಫೋಟೋ ಹೊಡೆಯುವುದನ್ನು ಇಲ್ಲಿ ಮಾಡಬೇಡಿ. ಇದು ಘೋಷಿತ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪೇರಿಸುವ ಕೆಲಸ ಆಗಲೇ ಮುಗಿದಿದೆ.

ಉಪ್ಪುನೀರಿನ ಹನಿ ಲೆನ್ಸಿನ ಮೇಲೆ ಒಣಗಿದರೆ ಬಟ್ಟೆಯಿಂದ ಉಜ್ಜಬಾರದು, ಹರಳು ಗೀರು ಹಾಕುತ್ತದೆ. ಸಿಹಿನೀರಲ್ಲಿ ಒದ್ದೆ ಮಾಡಿದ ಮೈಕ್ರೋಫೈಬರ್‌ನಿಂದ ಮೊದಲು ಕರಗಿಸಿ, ಆಮೇಲೆ ಒರೆಸಿ. ಟ್ರೈಪಾಡ್ ಕಾಲನ್ನು ಅದೇ ದಿನ ನಲ್ಲಿ ನೀರಲ್ಲಿ ತೊಳೆಯಿರಿ.

ಹಂಚಿನ ವಿಷಯಕ್ಕೆ ಬಂದರೆ ತೊಂದರೆ ಬಣ್ಣದ್ದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಊರಿಗೆ ಅಂಟಿದ ಆ ಕೆಂಪು, ಸಂಜೆಯ ಬೆಳಕಿನಲ್ಲಿ ಕ್ಯಾಮೆರಾದ ರೆಡ್ ಚಾನೆಲನ್ನು ತುಂಬಿಸಿಬಿಡುತ್ತದೆ. ಬೆಳಕಿನ ಪ್ರಮಾಣ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಂ ಒಟ್ಟಾರೆ ಸರಿಯಾಗಿಯೇ ತೋರುತ್ತದೆ, ಹಂಚಿನ ಮೇಲ್ಮೈ ಮಾತ್ರ ಪೇಂಟ್ ಬಳಿದಂತೆ ನುಣ್ಣಗಾಗಿರುತ್ತದೆ. ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ನೋಡಿ, ಕೆಂಪು ಬಲದಂಚಿಗೆ ತಾಗದಂತೆ ಇಳಿಸಿ. ಆಟೋ ವೈಟ್ ಬ್ಯಾಲೆನ್ಸ್ ಚೌಕಟ್ಟು ತುಂಬ ಕೆಂಪು ಕಂಡರೆ ಅದನ್ನು ತಣ್ಣಗೆ ಮಾಡಲು ಹೊರಡುತ್ತದೆ. 5200 ಕೆಲ್ವಿನ್‌ಗೆ ಕಟ್ಟಿಹಾಕಿ. ಮುರಕಲ್ಲಿಗೂ ಇದೇ ಲೆಕ್ಕ, ಜೊತೆಗೆ ಅದರ ಮೈಯೆಲ್ಲ ತೂತು. ಬಿಸಿಲು ತೀರಾ ಓರೆಯಾದರೆ ಆ ತೂತುಗಳ ನೆರಳೇ ಸಂದಿನ ನೆರಳನ್ನು ನುಂಗುತ್ತದೆ. ಹಾಗಾಗಿ ಮುರಕಲ್ಲಿಗೆ ತೆಳುಮೋಡದ ದಿನವೇ ಮೇಲು.

ಶಂಕರಪುರದ ಮಲ್ಲಿಗೆಯದ್ದು ತದ್ವಿರುದ್ಧ ಕಷ್ಟ: ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದ ಒಂದು ಅಟ್ಟೆಯಲ್ಲಿ ಎಲ್ಲವೂ ಬಿಳಿ. ಒಂದೇ ಕಿಟಕಿಯ ಪಕ್ಕಬೆಳಕು ಬಳಸಿ, ಎದುರು ಬದಿಗೆ ಕಪ್ಪು ಬಟ್ಟೆ ಹಿಡಿಯಿರಿ. ಸಂದಿನ ನೆರಳು ಆ ಬಟ್ಟೆಯಿಂದ ಬರುತ್ತದೆ.

ಕಂಟೇನರ್ ಅಟ್ಟಿಯಲ್ಲಿ ಎಲ್ಲರೂ ಮಾಡುವ ತಪ್ಪು ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡುವುದು. ಸಾಮಾನ್ಯ ಕಂಟೇನರಿನ ಎತ್ತರ 2.59 ಮೀಟರ್, ಐದು ಪೇರಿಸಿದರೆ ಸುಮಾರು 13 ಮೀಟರ್. ಓರೆಮಾಡಿದ ಕೂಡಲೇ ಲಂಬ ಸಂದುಗಳು ಮೇಲೆ ಹೋಗಿ ಕೂಡಿಕೊಳ್ಳುತ್ತವೆ. 25 ಮೀಟರ್ ದೂರದಲ್ಲಿ ನಿಂತು, 35 ಎಂಎಂ ಲೆನ್ಸಿನಲ್ಲಿ ಕ್ಯಾಮೆರಾವನ್ನು ಉದ್ದುದ್ದ ಹಿಡಿದು, ಲೆವೆಲ್ ಸೊನ್ನೆಗಿಟ್ಟರೆ ಐದೂ ಹಿಡಿಸುತ್ತವೆ. ಕೆಳಗೆ ಅರ್ಧ ಫ್ರೇಮ್ ಬರೀ ನೆಲ ಬರುತ್ತದೆ, ಅದನ್ನು ಕತ್ತರಿಸಿ. ಪಿಕ್ಸೆಲ್ ಹೋಯಿತೆಂದು ಬೇಸರ ಬೇಡ, ಕಂಪ್ಯೂಟರಿನಲ್ಲಿ ಎಳೆದು ನೆಟ್ಟಗೆ ಮಾಡಿದರೆ ಹೋಗುವುದು ಅದಕ್ಕಿಂತ ಕಡಿಮೆಯೇನಲ್ಲ. ತಗಡಿನ ಏರಿಳಿತದ ಗೆರೆಗಳು ಸೆನ್ಸರಿನ ಪಿಕ್ಸೆಲ್ ಸಾಲಿಗೆ ಸಮನಾದರೆ ಮೋರೆ ಎಂಬ ಕಾಮನಬಿಲ್ಲಿನ ಅಲೆ ಏಳುತ್ತದೆ. ಎರಡು ಹೆಜ್ಜೆ ಹಿಂದೆ-ಮುಂದೆ ಆದರೆ ಅದು ಹೋಗುತ್ತದೆ, ಎಫ್/16ಕ್ಕೆ ಹೋದರೂ ಮೆತ್ತಗಾಗುತ್ತದೆ. ಬಂದರಿನ ಒಳಗೆ ಅನುಮತಿ ಇಲ್ಲದೆ ಕ್ಯಾಮೆರಾ ತೆಗೆಯುವ ಹಾಗಿಲ್ಲ ಎಂಬುದನ್ನೂ ಮರೆಯಬೇಡಿ.

ಗೂಡ್ಸ್ ರೈಲು ಓಡುವ ಅಟ್ಟಿ. ಎರಡಂತಸ್ತಿನ ಕಂಟೇನರ್ ರೈಲು ಬೇಕಿದ್ದರೆ ಪಶ್ಚಿಮದ ಸರಕು ಕಾರಿಡಾರಿನತ್ತ ಹೋಗಬೇಕು; ಅಲ್ಲಿ ವಿದ್ಯುತ್ ತಂತಿಯನ್ನೇ ಏಳು ಮೀಟರಿಗಿಂತ ಮೇಲೆ ಕಟ್ಟಿದ್ದಾರೆ. ನಮ್ಮಲ್ಲಿ ಇರುವುದು ಮಾಡಿಲ್ಲದ ತೆರೆದ ಡಬ್ಬಿಯಂಥ ಬಾಕ್ಸ್‌ಎನ್ ವ್ಯಾಗನ್ನು, ಮತ್ತು ಕೊಂಕಣ ರೈಲ್ವೆಯ ರೋ-ರೋ. ಚಪ್ಪಟೆ ವ್ಯಾಗನ್ನಿನ ಮೇಲೆ ಟಾರ್ಪಾಲು ಹೊದ್ದ ಲಾರಿಗಳು ಸಾಲಾಗಿ ನಿಂತು ಸುರತ್ಕಲ್ ಕಡೆಗೆ ಬರುವ ಈ ರೈಲು ಛಾಯಾಗ್ರಾಹಕರಿಗೆ ಡಬಲ್ ಸ್ಟ್ಯಾಕಿಗಿಂತ ಒಳ್ಳೆಯದು: ಪ್ರತಿ ಲಾರಿಯ ಬಣ್ಣ ಬೇರೆ, ನಡುವಿನ ಸಂದಿನಲ್ಲಿ ಆಕಾಶ ಕಾಣುತ್ತದೆ.

ಹಳಿ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಹೋಗುವುದರಿಂದ ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ನಿಲ್ಲಿ. ಒಂಟಿ ಹಳಿಯಲ್ಲಿ ವಿದ್ಯುತ್ ಕಂಬಗಳು ಸಾಮಾನ್ಯವಾಗಿ ಒಂದೇ ಬದಿಗಿರುತ್ತವೆ; ಬೆಳಕಿನ ಬದಿಯೂ ಕಂಬವಿಲ್ಲದ ಬದಿಯೂ ಒಂದೇ ಆಗುವ ಹೊತ್ತು ಹುಡುಕಿ. 60 ಕಿ.ಮೀ. ವೇಗದ ರೈಲು 1/1000 ಸೆಕೆಂಡಿನಲ್ಲಿ ಸುಮಾರು 17 ಮಿಲಿಮೀಟರ್ ಸಾಗುತ್ತದೆ. 50 ಮೀಟರ್ ದೂರದಿಂದ 100 ಎಂಎಂ ಲೆನ್ಸಿನಲ್ಲಿ ನೇರ ಪಕ್ಕದಿಂದ ತೆಗೆದರೆ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಸೆನ್ಸರಿನಲ್ಲಿ ಐದಾರು ಪಿಕ್ಸೆಲ್ ಮಸುಕು. ಅದೇ ರೈಲು 20 ಡಿಗ್ರಿ ಕೋನದಲ್ಲಿ ನಿಮ್ಮತ್ತ ಬರುತ್ತಿದ್ದರೆ ಎರಡೇ ಪಿಕ್ಸೆಲ್. ಆದರೆ ಆ ಕೋನದಲ್ಲಿ ವ್ಯಾಗನ್ನುಗಳ ಸಂದು ಮುಚ್ಚಿಹೋಗುತ್ತದೆ. ಈ ಎರಡರ ನಡುವಿನ ರಾಜಿ ತಿರುವಿನಲ್ಲಿ ಸಿಗುತ್ತದೆ: ಒಳಬದಿಯಲ್ಲಿ ನಿಂತರೆ ಎಂಜಿನ್ ಎದುರಿಗೆ, ನಡುವಿನ ವ್ಯಾಗನ್ನುಗಳು ಪಕ್ಕಕ್ಕೆ.

ಸೈಲೆಂಟ್ ಮೋಡ್ ಎಂಬ ಎಲೆಕ್ಟ್ರಾನಿಕ್ ಶಟರನ್ನು ಆಫ್ ಮಾಡಿ. ಹಲವು ಸೆನ್ಸರುಗಳು ಮೇಲಿನಿಂದ ಕೆಳಗೆ ಓದಿ ಮುಗಿಸಲು 1/30 ಸೆಕೆಂಡ್ ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ರೈಲು ಅರ್ಧ ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ, ವ್ಯಾಗನ್ನಿನ ನೆಟ್ಟಗಿನ ಅಂಚೆಲ್ಲ ವಾಲಿದಂತೆ ಬರುತ್ತದೆ. ಮೊಬೈಲಿನಲ್ಲಿ ಎಚ್‌ಡಿಆರ್ ಕೂಡ ಬೇಡ. ಹಲವು ಫ್ರೇಮ್ ಬೆಸೆಯುವಾಗ ಒಂದು ಸಂದು ಎರಡಾಗುತ್ತದೆ. 58 ಬಾಕ್ಸ್‌ಎನ್‌ಗಳ ರೇಕು 620 ಮೀಟರಿಗೂ ಉದ್ದ, ದಾಟಲು 40 ಸೆಕೆಂಡಿನಷ್ಟು ಹಿಡಿಯುತ್ತದೆ. ಎಂಜಿನ್ ಕಂಡ ಕೂಡಲೇ ಎಡೆಬಿಡದೆ ತೆಗೆಯುವ ಬರ್ಸ್ಟ್ ಒತ್ತಿದವರ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ಹತ್ತನೇ ವ್ಯಾಗನ್ನಿಗೆ ತುಂಬಿರುತ್ತದೆ. ಹಳಿಗೆ ಇಳಿಯಬೇಡಿ: ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲಾಗಬಹುದು. ರಸ್ತೆಯ ಮೇಲ್ಸೇತುವೆ ಧಾರಾಳ ಸಾಕು.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಮಲ್ಪೆಯ ಬೋಟುಗಳು ಮೈಗೆ ಮೈ ತಾಗಿಸಿ ನಿಲ್ಲುತ್ತವೆ. 200 ಎಂಎಂ ಲೆನ್ಸಿನಲ್ಲಿ ದೂರದಿಂದ ತೆಗೆಯಿರಿ. ಅವನ್ನು ಒತ್ತೊತ್ತಾಗಿ ತೋರಿಸುವುದು ದೂರ, ಲೆನ್ಸ್ ಬರೀ ಕತ್ತರಿಸಿ ಕೊಡುತ್ತದೆ. ಎಸಿ ಕಾರಿನಿಂದ ಇಳಿದ ಕ್ಯಾಮೆರಾವನ್ನು ಚೀಲದ ಜಿಪ್ ತೆರೆಯದೆ ಇಪ್ಪತ್ತು ನಿಮಿಷ ಹೊರಗಿಡಿ, ಇಲ್ಲದಿದ್ದರೆ ಗಾಜಿಗೆ ಹಬೆ ಹಿಡಿಯುತ್ತದೆ.

ಕೊನೆಗೆ ಕ್ರಾಪ್. ಅಟ್ಟಿಯ ತಲೆ, ಬುಡ ಎರಡೂ ಕಂಡರೆ ನೋಡುವವರಿಗೆ ಗಾತ್ರ ತಿಳಿಯುತ್ತದೆ; ನಾಲ್ಕೂ ಅಂಚಿನಿಂದ ಹೊರಗೆ ಹರಿಯುವಂತೆ ಕತ್ತರಿಸಿದರೆ ಅಟ್ಟಿಗೆ ಕೊನೆಯೇ ಇಲ್ಲ ಅನಿಸುತ್ತದೆ. ಎರಡನೆಯದನ್ನು ಆರಿಸಿದರೆ ಚೌಕಟ್ಟಿನ ಗೆರೆ ಸಂದಿನ ಮೇಲೆ ಬೀಳದಿರಲಿ. ಕ್ರೇಟಿನ, ಹಂಚಿನ, ಲಾರಿಯ ನಟ್ಟನಡುವೆ ಕತ್ತರಿಸಿ. ಸಂದಿನಲ್ಲೇ ಕತ್ತರಿಸಿದರೆ ಅಟ್ಟಿ ಅಲ್ಲಿಗೆ ಮುಗಿದಂತೆ ಕಾಣುತ್ತದೆ.