ಸ್ನ್ಯಾಪ್‌ಶಾಟ್ ಡಿಲೀಟ್ 99ಕ್ಕೆ ಬಂದು ನಿಂತಿದೆ, ಹೋಸ್ಟ್ ರೀಸ್ಟಾರ್ಟ್ ಮಾಡಬಹುದೇ?

ಪ್ರಶ್ನೆ: ನಮ್ಮದು ಶಿರಸಿಯ ಒಂದು ಸಹಕಾರಿ ಸಂಘ. ಅಡಿಕೆ ವಹಿವಾಟಿನ ಲೆಕ್ಕವೆಲ್ಲ ವಿಎಂವೇರ್ ಇಎಸ್‌ಎಕ್ಸ್‌ಐ (ಒಂದೇ ಯಂತ್ರದಲ್ಲಿ, ಅಂದರೆ ಹೋಸ್ಟ್‌ನಲ್ಲಿ, ಹಲವು ವರ್ಚುವಲ್ ಯಂತ್ರ ಅಥವಾ ವಿಎಂ ಓಡಿಸುವ ಸಾಫ್ಟ್‌ವೇರ್) ಮೇಲಿರುವ ಒಂದು ವಿಂಡೋಸ್ ಸರ್ವರ್‌ನಲ್ಲಿದೆ. ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಮೊದಲು ತೆಗೆದಿದ್ದ ಸ್ನ್ಯಾಪ್‌ಶಾಟ್ (ಬೇಕಾದರೆ ಆ ಕ್ಷಣದ ಸ್ಥಿತಿಗೆ ಮರಳಲು ಇಡುವ ಗುರುತು) ಮೂರು ತಿಂಗಳು ಹಾಗೇ ಉಳಿದುಬಿಟ್ಟಿತ್ತು, ಈಗ 300 ಜಿಬಿ ಆಗಿದೆ. ನಿನ್ನೆ ಸಂಜೆ ಡಿಲೀಟ್ ಕೊಟ್ಟರೆ ಇವತ್ತು ಬೆಳಿಗ್ಗೆಯೂ ಶೇ. 99ರಲ್ಲೇ ಇದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ರೀಸ್ಟಾರ್ಟ್ ಬೇಡ. ಟಾಸ್ಕ್ ಕ್ಯಾನ್ಸಲ್ ಮಾಡುವುದೂ ಬೇಡ. ಅದು ಬಹುಶಃ ಕೆಲಸ ಮಾಡುತ್ತಲೇ ಇದೆ.

ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕ್‌ಗೆ ಬರೆಯುವುದು ನಿಲ್ಲುತ್ತದೆ, ಹೊಸ ಬರಹವೆಲ್ಲ ಡೆಲ್ಟಾ ಫೈಲ್‌ಗೆ ಹೋಗುತ್ತದೆ. ಡಿಲೀಟ್ ಕೊಟ್ಟಾಗ ಆ ಡೆಲ್ಟಾದಲ್ಲಿರುವುದನ್ನೆಲ್ಲ ಮೂಲ ಡಿಸ್ಕ್‌ಗೆ ಸೇರಿಸಬೇಕು. ಕಚ್ಚಾ ಪುಸ್ತಕದಲ್ಲಿ ಮೂರು ತಿಂಗಳು ಗೀಚಿದ್ದನ್ನು ಒಂದೊಂದಾಗಿ ಖಾತೆ ಪುಸ್ತಕಕ್ಕೆ ಎತ್ತಿ ಬರೆದ ಹಾಗೆ. ಪರದೆಯ ಮೇಲಿನ ಶೇಕಡಾವಾರು ಲೆಕ್ಕವನ್ನು ನಂಬಬೇಡಿ, ಅದು ಮುಗಿದ ಕೆಲಸದ ಅಳತೆಯಲ್ಲ. ವಿಸೆಂಟರ್ (ಹೋಸ್ಟ್‌ಗಳನ್ನು ಒಂದೆಡೆಯಿಂದ ನಿರ್ವಹಿಸುವ ಸಾಫ್ಟ್‌ವೇರ್) ಇದ್ದರೆ ಟಾಸ್ಕ್ 'ಟೈಮ್‌ಔಟ್' ಎಂದು ಕೆಂಪಾಗಬಹುದು, ಆಗಲೂ ಹೋಸ್ಟ್ ತನ್ನ ಪಾಡಿಗೆ ಸೇರಿಸುತ್ತಲೇ ಇರುತ್ತದೆ.

ಹಾಗಾದರೆ ನಡೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಎಸ್‌ಎಸ್‌ಎಚ್ (ದೂರದಿಂದ ಯಂತ್ರಕ್ಕೆ ಕಮಾಂಡ್ ಕೊಡುವ ಸುರಕ್ಷಿತ ದಾರಿ) ಮೂಲಕ ಹೋಸ್ಟ್ ಒಳಗೆ ಹೋಗಿ, ಆ ವಿಎಂನ ಫೋಲ್ಡರ್‌ನಲ್ಲಿ ಫೈಲ್ ಪಟ್ಟಿಯನ್ನು ಸಮಯದೊಂದಿಗೆ ತೆಗೆಯಿರಿ, ಐದು ನಿಮಿಷ ಬಿಟ್ಟು ಮತ್ತೆ ತೆಗೆಯಿರಿ. ಹೆಸರಿನಲ್ಲಿ 'ಫ್ಲ್ಯಾಟ್' ಎಂದಿರುವ ಮೂಲ ಫೈಲ್‌ನ ಸಮಯ ಮುಂದೆ ಹೋಗುತ್ತಿದ್ದರೆ ಕೆಲಸ ನಡೆದಿದೆ. ಗಾತ್ರ ನೋಡಿ ಪ್ರಯೋಜನವಿಲ್ಲ. ಡೆಲ್ಟಾ ಫೈಲ್ ಕರಗುತ್ತಾ ಬರುವುದಿಲ್ಲ, ಎಲ್ಲ ಮುಗಿದ ಮೇಲೆ ಒಮ್ಮೆಲೇ ಮಾಯವಾಗುತ್ತದೆ. ಜೊತೆಗೆ ಹೋಸ್ಟ್‌ನ ಪರ್ಫಾರ್ಮೆನ್ಸ್ ಚಾರ್ಟ್‌ನಲ್ಲಿ ಡಿಸ್ಕ್‌ಗೆ ಸೆಕೆಂಡಿಗೆ ಎಷ್ಟು ಎಂಬಿ ಬರೆಯುತ್ತಿದೆ ಎಂದು ಗುರುತು ಹಾಕಿಕೊಳ್ಳಿ.

ಆ ಅಂಕಿಯಿಂದಲೇ ಉಳಿದ ಲೆಕ್ಕ. ಸೆಕೆಂಡಿಗೆ 30 ಎಂಬಿ ಹೋದರೆ 300 ಜಿಬಿಗೆ ಮೂರು ಗಂಟೆಗಿಂತ ತುಸು ಕಡಿಮೆ ಸಾಕು. ಆದರೆ ಡೆಲ್ಟಾದ ತುಣುಕುಗಳು ಡಿಸ್ಕ್ ತುಂಬ ಚದುರಿರುತ್ತವೆ. ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಾಲ್ಕು 7,200 ಆರ್‌ಪಿಎಂ ಡಿಸ್ಕ್‌ಗಳ ರೇಡ್-5, ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಡಿಸ್ಕ್‌ಗಳನ್ನು ಜೋಡಿಸುವ ವಿಧಾನ. ಅಂಥ ಒಂದು ಡಿಸ್ಕ್ ಸೆಕೆಂಡಿಗೆ ಸುಮಾರು 80 ಚದುರಿದ ಕೆಲಸ ಮಾಡಬಲ್ಲದು. ರೇಡ್-5ರಲ್ಲಿ ಒಂದು ಸಣ್ಣ ಬರಹಕ್ಕೆ ನಾಲ್ಕು ಕೆಲಸ: ಎರಡು ಓದು, ಎರಡು ಬರಹ. ಅಂದರೆ ನಾಲ್ಕು ಡಿಸ್ಕ್ ಸೇರಿ ಸೆಕೆಂಡಿಗೆ 80 ಬರಹ. ಒಂದೊಂದು ಬರಹ 64 ಕೆಬಿ ಎಂದು ಹಿಡಿದರೂ ಸೆಕೆಂಡಿಗೆ 5 ಎಂಬಿ, 300 ಜಿಬಿಗೆ 17 ಗಂಟೆ. ನಿಮ್ಮ ರಾತ್ರಿಯಿಡೀ ಕಾಯುವಿಕೆಗೆ ಇಷ್ಟೇ ಕಾರಣವಿರಬಹುದು.

ಅದಕ್ಕಿಂತಲೂ ನಿಧಾನವಾಗಿದ್ದರೆ ಮೊದಲು ರೇಡ್ ಕಾರ್ಡ್‌ನ ಬ್ಯಾಟರಿ ನೋಡಿ. ಬ್ಯಾಟರಿ ಸತ್ತರೆ ಕಾರ್ಡ್ ತಾನಾಗಿಯೇ ರೈಟ್-ಬ್ಯಾಕ್ (ಮೊದಲು ಕ್ಯಾಶ್ ಎಂಬ ವೇಗದ ಮೆಮೊರಿಗೆ ಬರೆಯುವುದು) ಬಿಟ್ಟು ರೈಟ್-ಥ್ರೂಗೆ (ಪ್ರತಿ ಬಾರಿ ಡಿಸ್ಕ್‌ಗೇ ಬರೆದು ಮುಗಿಸುವುದು) ಇಳಿಯುತ್ತದೆ, ಕ್ಯಾಶ್ ಇದ್ದೂ ಇಲ್ಲದಂತೆ. ದಿನನಿತ್ಯದ ಬಿಲ್ಲಿಂಗ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಇಂಥ ಭಾರೀ ಬರಹ ಬಂದಾಗಲೇ ಬಯಲಾಗುತ್ತದೆ. ಒಂದು ಡಿಸ್ಕ್ ಕೆಟ್ಟು ರೇಡ್ 'ಡಿಗ್ರೇಡೆಡ್' ಆಗಿದ್ದರೂ ಇದೇ ಗತಿ. ಹೋಸ್ಟ್‌ನ ಇಎಸ್‌ಎಕ್ಸ್‌ಟಾಪ್ ಎಂಬ ಉಪಕರಣದಲ್ಲಿ ಡಿಎವಿಜಿ ಅಂಕಿ (ಡಿಸ್ಕ್ ಉತ್ತರಿಸಲು ತೆಗೆದುಕೊಳ್ಳುವ ಸರಾಸರಿ ಸಮಯ) ಬಹಳ ಹೊತ್ತು 25 ಮಿಲಿಸೆಕೆಂಡ್‌ಗಿಂತ ಮೇಲಿದ್ದರೆ ದೋಷ ಡಿಸ್ಕ್ ಕಡೆಯದು.

ಎರಡನೆಯ ಕಾರಣ, ವಿಎಂ ಒಳಗಿನ ಗದ್ದಲ. ನೀವು ಸೇರಿಸುತ್ತಿರುವಾಗಲೇ ಡೇಟಾಬೇಸ್ ಬ್ಯಾಕಪ್, ಆಂಟಿವೈರಸ್ ಸ್ಕ್ಯಾನ್, ವಿಂಡೋಸ್ ಅಪ್‌ಡೇಟ್ ನಡೆಯುತ್ತಿದ್ದರೆ ಅದೇ ಡಿಸ್ಕ್‌ಗೆ ಪೈಪೋಟಿ. ಇಎಸ್‌ಎಕ್ಸ್‌ಐ 6.0ಕ್ಕಿಂತ ಹಳೆಯದಾದರೆ ಹೊಸ ಬರಹಕ್ಕೆ ಇನ್ನೊಂದು ತಾತ್ಕಾಲಿಕ ಸ್ನ್ಯಾಪ್‌ಶಾಟ್ ಹುಟ್ಟುತ್ತದೆ, ಅದನ್ನೂ ಸೇರಿಸಬೇಕು, ಅಷ್ಟರಲ್ಲಿ ಮತ್ತೊಂದು. ಇವನ್ನೆಲ್ಲ ನಿಲ್ಲಿಸಿ. ಮುಂದಿನ ಸಲ ವಿಎಂ ಆಫ್ ಮಾಡಿ ಡಿಲೀಟ್ ಕೊಟ್ಟರೆ ಬೇಗ ಮುಗಿಯುತ್ತದೆ ನಿಜ, ಆದರೆ ಮುಗಿಯುವ ತನಕ ಅದನ್ನು ಆನ್ ಮಾಡಲಾಗದು. ಶನಿವಾರ ಸಂಜೆ ಶುರುಮಾಡುವುದು ವಾಸಿ. ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲವಲ್ಲ, ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ, ಜನರೇಟರ್‌ನಲ್ಲಿ ಡೀಸೆಲ್ ಎಷ್ಟಿದೆ ಎಂದು ನೋಡಿಕೊಂಡೇ ಬಟನ್ ಒತ್ತಿ. ಸೇರಿಸುವ ಮಧ್ಯೆ ಹೋಸ್ಟ್ ಸತ್ತರೆ ಡಿಸ್ಕ್ ಸರಪಳಿ (ಮೂಲ ಡಿಸ್ಕ್ ಮತ್ತು ಡೆಲ್ಟಾಗಳ ನಡುವಿನ ಕೊಂಡಿ) ಕೆಡುವ ಅಪಾಯವಿದೆ.

ಫೈಲ್ ಸಮಯ ಬದಲಾಗುತ್ತಲೇ ಇಲ್ಲ, 'ಫೈಲ್ ಲಾಕ್ ಆಗಿದೆ' ಎಂಬ ದೋಷ ಬಂದಿದೆ ಎಂದರೆ ಬ್ಯಾಕಪ್ ಸಾಫ್ಟ್‌ವೇರ್ ಮೇಲೆ ಅನುಮಾನಪಡಿ. ಅದು ನಿಮ್ಮ ಡಿಸ್ಕನ್ನು ತನ್ನ ವಿಎಂಗೆ ಜೋಡಿಸಿಕೊಂಡು ಬಿಚ್ಚಲು ಮರೆತಿರುತ್ತದೆ. ಬ್ಯಾಕಪ್ ವಿಎಂನ ಸೆಟ್ಟಿಂಗ್ಸ್ ತೆರೆದು ಆ ಹೆಚ್ಚುವರಿ ಡಿಸ್ಕ್ ತೆಗೆಯಿರಿ. ಎಚ್ಚರ: 'ಡಿಸ್ಕ್‌ನಿಂದ ಫೈಲ್ ಅಳಿಸು' ಎಂಬ ಗುರುತು ಹಾಕಬೇಡಿ, ಹಾಕಿದರೆ ಸಂಘದ ಲೆಕ್ಕವೇ ಹೋಗುತ್ತದೆ.

ಮುಗಿದ ಮೇಲೆ ಒಂದು ತಪಾಸಣೆ. ಸ್ನ್ಯಾಪ್‌ಶಾಟ್ ಮ್ಯಾನೇಜರ್ ಖಾಲಿ ಕಂಡರೆ ಸಾಲದು. ವಿಎಂ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ಡಿಸ್ಕ್‌ನ ಫೈಲ್ ಹೆಸರು ನೋಡಿ. ಕೊನೆಯಲ್ಲಿ 000001 ತರಹದ ಸಂಖ್ಯೆ ಇನ್ನೂ ಇದ್ದರೆ ವಿಎಂ ಡೆಲ್ಟಾ ಮೇಲೆಯೇ ಓಡುತ್ತಿದೆ. ಲಾಕ್ ಬಿಡಿಸಿ, ಸ್ನ್ಯಾಪ್‌ಶಾಟ್ ಮೆನುವಿನಲ್ಲಿ 'ಕನ್ಸಾಲಿಡೇಟ್' ಕೊಡಿ. ಮುಂದೆ ಅಪ್‌ಡೇಟ್‌ಗಾಗಿ ಸ್ನ್ಯಾಪ್‌ಶಾಟ್ ತೆಗೆದರೆ 72 ಗಂಟೆಯೊಳಗೆ ತೆಗೆದುಹಾಕಿ, ವಿಎಂವೇರ್ ಸಲಹೆಯೂ ಅದೇ.